ಅಣ್ಣನ ದನಿ, ಅಣ್ಣನ ರಕ್ತ

ಅಮೀರಸಾಬ ತೀರಿಕೊಂಡಾಗ ಅವನಿಗೆ ಮೂವತ್ತಾರು ವರ್ಷ. ಮುಂಬಯಿಯ ವಿಕ್ರೋಳಿಯ ಗುಡ್ಡದ ಮೇಲಿನ ಚಾಳಿನಲ್ಲಿ ಎಲ್ಲರಿಗೂ ಬೇಕಾದ ಗವಂಡಿ, ಗೋಡೆ ಕಟ್ಟುವ ಮೇಸ್ತ್ರಿ. ಅವತ್ತು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ. “ಗ್ಯಾಸ್ ಆಗೇತಿ, ಸ್ವಲ್ಪ ಸೋಡಾ ಕೊಡು” ಎಂದ. ಹೆಂಡತಿ ಬೀಬೀಜಾನ ಸೋಡಾ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೆರೆಯವರಲ್ಲಿ ಕೆಲವರು ದೃಷ್ಟಿ ತಾಗಿತು ಎಂದರು, ಕೆಲವರು ಹಣೆಬರಹ ಎಂದರು. ಅವನ ತಂದೆಯೂ ನಲವತ್ತು ತುಂಬುವ ಮೊದಲೇ ಬಿಜಾಪುರದ ಸಂತೆಯಲ್ಲಿ ಹೀಗೇ ಎದೆ ಹಿಡಿದುಕೊಂಡು ಕುಸಿದಿದ್ದರು. ಆ ಸಾವನ್ನೂ ಈ ಸಾವನ್ನೂ ಯಾರೂ ಜೋಡಿಸಿ ನೋಡಲಿಲ್ಲ. ಅದು 1972ನೇ ಇಸವಿ.

ತಮ್ಮ ಗೌಸನೂ ಗವಂಡಿಯೇ. ಪಕ್ಕದ ಖೋಲಿಯಲ್ಲೇ ಇದ್ದ. ಅವನ ದನಿ ಥೇಟ್ ಅಣ್ಣನದು. ಸಂಜೆ ಕೆಲಸದಿಂದ ಬಂದು, ಅಣ್ಣನ ಮಗಳನ್ನು “ಹಸೀನಾ!” ಎಂದು ಹೊರಗಿನಿಂದ ಕೂಗಿದರೆ, ಒಲೆಯ ಮುಂದೆ ಬೀಬೀಜಾನಳ ಕೈ ನಿಂತುಬಿಡುತ್ತಿತ್ತು. ಒಂದು ಗಳಿಗೆ ಅವರೇ ಬಂದರು ಎನಿಸುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಅದು ಗೌಸ ಆಗಿಬಿಡುತ್ತಿತ್ತು.

ಮರುವರ್ಷ ಒಂದು ದಿನ ಅವಳು ಕೇಳಿದಳು. “ಗೌಸ, ಅವರು ಪವಾಯಿದಾಗ ಕಟ್ಟಿದ ಗ್ವಾಡಿ ನನಗೊಮ್ಮೆ ತೋರಸ್ತೀಯೇನು?”

ಭಾನುವಾರ ಗೌಸ ಕರೆದುಕೊಂಡು ಹೋದ. ಹುಡುಗರು ಓದುವ ದೊಡ್ಡ ಕಾಲೇಜಿನ ಹಿಂದುಗಡೆ ಒಂದು ಉದ್ದನೆಯ ಗೋಡೆ. ಬೀಬೀಜಾನ ಅದಕ್ಕೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು.

ವಾಪಸ್ ಬರುವಾಗ ಕೆರೆಯ ದಂಡೆಯಲ್ಲಿ ಅವನು ಚಪ್ಪಲಿ ಬಿಟ್ಟು ಕಾಲು ತೊಳೆದ. ಅವನ ಎರಡೂ ಹಿಮ್ಮಡಿಗಳ ಮೇಲೆ ಹುಣಸೆ ಬೀಜದಂಥ ಗಂಟುಗಳಿದ್ದವು.

“ಇವು ಯಾವಾಗಿಂದ ಅದಾವ?”

“ಮೀಸಿ ಬಂದಾಗಿಂದ ಭಾಬಿ. ಚಪ್ಪಲಿ ತಿಕ್ಕಿ ಆಗ್ಯಾವ.”

“ಅವರಿಗೂ ಇದ್ದುವು. ಹಿಂಗ, ಇದ ಜಾಗಾದಾಗ.” ಅವರ ಹಾಗೇ ಇವನೂ ಹೋದರೆ ಎಂದು ಅವಳಿಗೆ ಅಂಜಿಕೆಯಾಯಿತು.

ಎದುರು ಖೋಲಿಯ ನೀಲಾಬಾಯಿಗೆ ಹೇಳಿದಾಗ ಅವಳು, “ಹಿಂಗ ಕುಂತು ಅಂಜೂದ್ಯಾಕ? ನಡೀ, ಡಾಕ್ಟರ್ ಬಾಯಿನ್ನ ಕೇಳೂಣ” ಎಂದು ಮುನ್ಸಿಪಾಲ್ಟಿ ದವಾಖಾನೆಗೆ ಕರೆದೊಯ್ದಳು. ಡಾಕ್ಟರ್ ಬಾಯಿ ಎನ್ನುವ ಆ ಡಾಕ್ಟರಮ್ಮ ಧಾರವಾಡದ ಕಡೆಯವರು. ಎಲ್ಲ ಕೇಳಿಸಿಕೊಂಡರು.

“ನಮ್ಮ ರಕ್ತದಾಗ ಕೊಲೆಸ್ಟ್ರಾಲ್ ಅಂತ ಒಂದು ಜಿಡ್ಡು ಇರ್ತದ. ಅದು ಸ್ವಲ್ಪ ಬೇಕು. ಆದ್ರ ಕೆಲವು ಮನೆತನದಾಗ ಹುಟ್ಟಿನಿಂದನ ಅದು ಭಾಳ ಇರ್ತದ. ದೇಹಕ್ಕ ಅದನ್ನ ತೆಗೆದು ಹಾಕೂದು ಆಗೂದಿಲ್ಲ. ಎದಿಯ ರಕ್ತನಾಳದಾಗ ಕೂಡ್ತದ. ಕೆಲವರಿಗೆ ಹಿಮ್ಮಡದಾಗ, ಬೆರಳ ಗೆಣ್ಣಿನಾಗ ಹಿಂಗ ಗಂಟು ಆಗ್ತದ.”

“ಅವರು ದಪ್ಪ ಇರಲಿಲ್ಲರಿ. ತುಪ್ಪ ತಿನ್ನೂ ಮಂದಿನೂ ಅಲ್ಲ ನಾವು.”

“ದಪ್ಪ ಇರಬೇಕಂತಿಲ್ಲ, ತಂಗಿ. ಮೈಬಣ್ಣ ಬಂದಂಗ, ದನಿ ಬಂದಂಗ ಇದೂ ತಂದಿ-ತಾಯಿಯಿಂದ ಬರ್ತದ. ಇಬ್ಬರೊಳಗ ಒಬ್ಬರಿಗೆ ಇದ್ರೂ, ಗಂಡಿರಲಿ ಹೆಣ್ಣಿರಲಿ, ಪ್ರತಿ ಕೂಸಿಗೂ ಅರ್ಧಕ್ಕರ್ಧ ಸಂಭವ. ನಿನ್ನ ಮೈದುನನ್ನ ಕರ್ಕೊಂಡು ಬಾ. ಮಗಳನ್ನೂ ಕರ್ಕೊಂಡು ಬಾ. ರಕ್ತ ನೋಡಿದ್ರ ಗೊತ್ತಾಗ್ತದ.”

ಇಬ್ಬರೂ ಮನೆಗೆ ಬಂದು ಹೇಳಿದಾಗ ಗೌಸ ನಕ್ಕುಬಿಟ್ಟ. “ಸಿಮೆಂಟ್ ಚೀಲಾ ಹೊತ್ತು ಮಾಳಿಗಿ ಏರತೀನಿ, ತೇಕು ಸೈತ ಬರೂದಿಲ್ಲ. ನನಗೆಂಥಾ ರೋಗ ಭಾಬಿ? ಸಾವು ಬರೂ ದಿನಾ ಬರತೈತಿ. ಸೂಜಿ ಚುಚ್ಚಿದ್ರ ನಿಲ್ಲತೈತೇನು?”

ನೀಲಾಬಾಯಿ ಸುಮ್ಮನಿರಲಿಲ್ಲ. “ಗ್ವಾಡಿ ಬಿರುಕು ಬಿಟ್ರ ಬೀಳೂತನಕ ಕಾಯ್ತಿಯೇನು ಗೌಸಭಾಯಿ?”

“ಗ್ವಾಡಿ ಬ್ಯಾರೆ, ಮನಷಾ ಬ್ಯಾರೆ” ಎಂದು ಅವನು ಬೀಡಿ ಹಚ್ಚಲು ಎದ್ದ.

ಆಗ ಬೀಬೀಜಾನ ಮೆಲ್ಲಗೆ ಹೇಳಿದಳು. “ನೀ ಹೊರಗ ನಿಂತು ಹಸೀನಾನ್ನ ಕೂಗಿದಾಗ ನಾ ತಿರುಗಿ ನೋಡೂದಿಲ್ಲ. ಯಾಕ ಗೊತ್ತೈತೇನು? ಅದು ಅವರ ದನಿ, ಗೌಸ. ನನಗ ಉಳದಿದ್ದು ಅಷ್ಟ. ಅದನ್ನೂ ಕಳಕೋಬೇಕೇನು?”

ಗೌಸ ಬಾಗಿಲಲ್ಲೇ ನಿಂತ. ಅಣ್ಣ ಹೋಗಿ ತಾನು ಉಳಿದೆನೆಂದು ಭಾಬಿಗೆ ಸಿಟ್ಟು, ಅದಕ್ಕೇ ತನ್ನ ಮುಖ ನೋಡುವುದಿಲ್ಲ ಎಂದು ಇಷ್ಟು ದಿನ ತಿಳಿದಿದ್ದ.

“ನಾಳೆ ಹೋಗೂಣ ಭಾಬಿ” ಎಂದ.

ಮರುದಿನ ಹಸೀನಾ ಸೂಜಿ ನೋಡಿ ಅತ್ತಳು. ಗೌಸ ಮೊದಲು ತನ್ನ ತೋಳು ಕೊಟ್ಟ. ರಕ್ತ ದೊಡ್ಡ ಆಸ್ಪತ್ರೆಗೆ ಹೋಗಿ ವರದಿ ಬಂತು. ಗೌಸನ ಕೊಲೆಸ್ಟ್ರಾಲ್ ಬಹಳ ಹೆಚ್ಚಾಗಿತ್ತು. ಹಸೀನಾಳದೂ ಹೆಚ್ಚಾಗಿತ್ತು.

ಗಂಡನದು ಏನಾದರೊಂದು ಮಗಳಲ್ಲಿ ಉಳಿದಿರಲಿ ಎಂದು ಬೀಬೀಜಾನ ಹಂಬಲಿಸಿದ್ದಳು. ಉಳಿದದ್ದು ಇದು. ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಡಾಕ್ಟರ್ ಬಾಯಿ ಹೊರಗೆ ಬಂದು ಪಕ್ಕದಲ್ಲಿ ಕೂತರು. “ಹಸೀನಾನ ಅಪ್ಪಗ ಯಾರೂ ಹೇಳಲಿಲ್ಲ, ತಂಗಿ. ಈಕಿದು ಸಣ್ಣ ವಯಸ್ಸಿನಾಗ ಗೊತ್ತಾತು. ಬೇರು ಕೀಳಲಿಕ್ಕೆ ಆಗೂದಿಲ್ಲ ಖರೆ, ಹತೋಟಿಯೊಳಗ ಇಡಬಹುದು.”

ಅಂದಿನಿಂದ ಮನೆಯ ಅಡುಗೆ ಬದಲಾಯಿತು. ಅಗ್ಗಕ್ಕೆ ಸಿಗುತ್ತಿದ್ದ ಭೇಜಾ, ಕಲೇಜಿ, ಅಂದರೆ ಮೆದುಳು, ಈಲಿ ನಿಂತವು. ತುಪ್ಪದ ಬದಲು ಬಳಸುತ್ತಿದ್ದ ವನಸ್ಪತಿ ನಿಂತಿತು. ಬೇಳೆ, ಪಲ್ಯ, ಜೋಳದ ರೊಟ್ಟಿ ಹೆಚ್ಚಾದವು. ಬೀಡಿ ಬಿಡಲು ಗೌಸ ಬಹಳ ಒದ್ದಾಡಿದ. ಬಿಟ್ಟು, ಮತ್ತೆ ಸೇದಿ, ಕೊನೆಗೆ ಪೂರ್ತಿ ಬಿಟ್ಟ. ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸಲಿಲ್ಲ. ಡಾಕ್ಟರು ಹೇಳಿದಾಗೆಲ್ಲ ಗೌಸ, ಹಸೀನಾ ಇಬ್ಬರೂ ಹೋಗಿ ರಕ್ತ ತೋರಿಸಿ ಬರುತ್ತಿದ್ದರು.

1979ರಲ್ಲಿ ಗೌಸ ಅಣ್ಣನ ವಯಸ್ಸನ್ನು ದಾಟಿದ. ಆ ವರ್ಷ ಈದ್ ದಿನ ಅವನು ಹೊಸ ಟೋಪಿ ಹಾಕಿಕೊಂಡು ಬಾಗಿಲಿಗೆ ಬಂದ. ಬೀಬೀಜಾನ ಕತ್ತೆತ್ತಿ ಅವನನ್ನೇ ನೋಡಿದಳು. ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು ಬಂದಿದ್ದವು. ಅವರು ಬದುಕಿದ್ದರೆ ಈಗ ಹೀಗೇ ಕಾಣುತ್ತಿದ್ದರು ಎಂದುಕೊಂಡಳು. ಕಣ್ಣು ತುಂಬಿ ಬಂತು, ಆದರೂ ನೋಡುತ್ತಲೇ ಇದ್ದಳು.

ಓದುತ್ತಿರುವ ಅಕ್ಕಾ, ಅಣ್ಣಾ, ನಿಮ್ಮ ಮನೆಯಲ್ಲೂ ತಂದೆ, ತಾಯಿ, ಅಣ್ಣ, ಚಿಕ್ಕಪ್ಪ ಯಾರಾದರೂ ಸಣ್ಣ ವಯಸ್ಸಿನಲ್ಲೇ ಎದೆನೋವಿನಿಂದ ಹೋಗಿದ್ದಾರೆಯೇ? ಹಿಮ್ಮಡಿಯಲ್ಲೋ ಬೆರಳ ಗೆಣ್ಣಿನಲ್ಲೋ ಗಂಟುಗಳು ಇದ್ದವೇ? ಹಾಗಾದರೆ ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ನಾವು ಸಣಕಲು, ನಾವು ಗಟ್ಟಿ ಎಂದು ಬಿಡಬೇಡಿ. ಅಂದಿಗಿಂತ ಒಳ್ಳೆಯ ಮಾತ್ರೆಗಳು ಇಂದು ಇವೆ. ಹೋದವರನ್ನು ಕರೆತರಲು ನಮ್ಮಿಂದಾಗದು. ಅವರ ದನಿ, ಅವರ ನಗು ಹೊತ್ತು ನಮ್ಮ ನಡುವೆ ಓಡಾಡುತ್ತಿರುವವರನ್ನು ಈ ವಾರವೇ ದವಾಖಾನೆಗೆ ಕರೆದೊಯ್ಯಬಹುದು.