ಟಾರ್ಕಿಲನ ಕಿಟಕಿ

"ಆ ಕಿಟಕಿ ಯಾರಪ್ಪಂದು ಅಂದ್ಕೊಂಡಿದ್ದೀಯ, ಟಾರ್ಕಿಲ್?"

ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಧಣೇರ್ದು, ಸಾಮಿ."

"ಗೋಡೆ?"

"ಅದೂ ಧಣೇರ್ದೇಯ."

"ಮತ್ಯಾಕ್ಲಾ ಧಣಿ ಕಿಟಕೀಗೆ ನಿನ್ ಹೊಲಸು ಅಂಟಿಸ್ದೆ?"

ಹೊಲಸು ಅಂದರೆ ಅಂಗೈಯಗಲದ ನೀಲಿ ಚೀಟಿ. ಅದರ ಮೇಲೆ ಯೆಸ್ ಅಂತ ಇತ್ತು. ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕೋ ಬೇಡವೋ ಎಂದು ಮುಂದಿನ ಗುರುವಾರ ಓಟು. ಊರೂರಲ್ಲೂ ಜನ ಕಿಟಕಿಗೆ ಯೆಸ್ ಅಂತಲೋ ನೋ ಅಂತಲೋ ಅಂಟಿಸಿಕೊಂಡಿದ್ದರು. ಅವರ ಕಿಟಕಿಗಳು ಅವರವೇ ಇದ್ದಿರಬೇಕು.

ಬೈಯುತ್ತಿದ್ದವನು ಎಸ್ಟೇಟಿನ ಮ್ಯಾನೇಜರ್ ಕ್ರೈಟನ್. ಹೊರಗಿನವನೇನಲ್ಲ, ಪಕ್ಕದ ಕಣಿವೆಯ ಕುರಿಗಾಹಿಯ ಮಗ. ಧಣಿ ಇರುವುದು ಲಂಡನ್ನಿನಲ್ಲಿ, ಹಕ್ಕಿ ಹೊಡೆಯುವ ಕಾಲಕ್ಕೆ ಬಂದು ಹೋಗುತ್ತಾನೆ. ಉಳಿದ ಕಾಲದಲ್ಲಿ ಧಣಿಯ ಸಿಟ್ಟನ್ನೂ ಕ್ರೈಟನ್ನೇ ಸಂಬಳಕ್ಕೆ ಮಾಡುತ್ತಾನೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ದೇವರೂ ಕೊಡುವವನಲ್ಲ.

ಅಪ್ಪ ಉಗುರಿನಿಂದ ಚೀಟಿ ಕೆರೆದ. ಅರ್ಧ ಕಿತ್ತು ಬಂತು, ಅರ್ಧ ಗಾಜಿಗೇ ಅಂಟಿಕೊಂಡಿತು.

"ಟೋಪೀಲಿ ಉಜ್ಜು," ಅಂದ ಕ್ರೈಟನ್.

ಅಪ್ಪ ಉಗುಳು ಹಚ್ಚಿ ಟೋಪಿಯಲ್ಲಿ ಉಜ್ಜಿದ. ಆ ಟೋಪಿ ಹಾಕಿಕೊಂಡೇ ಅವನು ತೀರಿಹೋದ ದೊಡ್ಡ ಧಣಿಯ ಕುರಿಯನ್ನೂ ಅವನ ಮಗ ಈಗಿನ ಧಣಿಯ ಕುರಿಯನ್ನೂ ಕಾದಿದ್ದ. ನಾನು ಆಲೂಗಡ್ಡೆ ಸುಲಿಯುತ್ತ ನಿಂತಿದ್ದೆ, ಚಾಕು ಕೈಯಲ್ಲೇ ಇತ್ತು. ಆಲೂಗಡ್ಡೆಯನ್ನೇ ಸುಲಿದೆ.

ಆ ಗಾಜು ತಂದವನು ಅಪ್ಪ. ಹಿಂದೊಮ್ಮೆ ಬಿರುಗಾಳಿಗೆ ಮನೆಯ ಕಿಟಕಿಗಳೆಲ್ಲ ಒಡೆದಾಗ, ಹಲಗೆ ಹೊಡೆದುಕೊಳ್ಳಿ ಅಂದಿತ್ತು ಎಸ್ಟೇಟು. ಅಪ್ಪ ಕೈಯಿಂದ ಕಾಸು ಹಾಕಿ ಗಾಜು ತಂದು, ತಾನೇ ಮೆತ್ತಿ ಕೂರಿಸಿದ್ದ.

"ಗೋಡೆ, ಗೇಟು, ಬೇಲಿ, ಮರ, ಎಲ್ಲೂ ಇದು ಕಾಣ್ಬಾರ್ದು," ಅಂದ ಕ್ರೈಟನ್.

"ಹಂಗಾರೆ ನಂದು ಅಂತ ಏನದೆ, ಸಾಮಿ?"

ಕ್ರೈಟನ್ ನಿಜವಾಗಿಯೂ ಯೋಚಿಸಿದ. "ನಿನ್ ಬಟ್ಟೆ, ನಿನ್ ಬೂಟು. ಶನಿವಾರ ಬೇಟೆಗೆ ತರ್ತೀಯಲ್ಲ, ಆ ಬಾವುಟ. ಇನ್ನೊಂದ್ಸಲ ಬಾಲ ಬಿಚ್ಚು, ಈ ಮನೆ ಟೂರಿಸ್ಟ್‌ಗಳಿಗೆ ಹೋಯ್ತದೆ. ಚಳಿಗಾಲ ಎಲ್ಲಿ ಕಳೀತೀಯೋ ಕಳಿ."

ಮನೆಗೆ ಕಾಗದಪತ್ರ ಇಲ್ಲ. ದೊಡ್ಡ ಧಣಿ ಸಾಯುವ ಮುಂಚೆ ಬಾಯಿಮಾತಲ್ಲಿ ಕೊಟ್ಟಿದ್ದ: ಉಸಿರಿರೋವರೆಗೆ ಇರು, ಬೇಟೆಗೆ ಕರೆದಾಗ ಸೋವಿಗೆ ಬಾ. ಸೋವು ಅಂದರೆ ಗುಡ್ಡದುದ್ದಕ್ಕೂ ಸಾಲಾಗಿ ನಡೆದು, ಬಾವುಟ ಬಡಿದು, ಪೊದೆಯಲ್ಲಡಗಿದ ಗ್ರೌಸ್ ಹಕ್ಕಿಗಳನ್ನು ಬಂದೂಕಿನ ಬಾಯಿಗೆ ಅಟ್ಟುವುದು. ಬಾವುಟವನ್ನು ಅವರವರೇ ಮಾಡಿಕೊಳ್ಳಬೇಕು. ಗೊಬ್ಬರದ ಖಾಲಿ ಚೀಲ, ಒಂದು ಕೋಲು. ಗಾಳಿಗೆ ಬಡಿದರೆ ಚಟಚಟ ಅನ್ನುತ್ತದೆ.

ಸಂಜೆ ನೆರೆಮನೆಯ ವ್ಯಾಟಿ ಬಂದು ಒಲೆಯ ಪಕ್ಕ ಕೂತ. ಅವನದು ನೋ ಓಟು. ಅದನ್ನು ಅವನು ಮುಚ್ಚಿಟ್ಟವನಲ್ಲ.

"ಬಾವುಟ ಬದಲಾದ್ರೆ ಧಣಿ ಬದಲಾಯ್ತಾನೇನಣ್ಣ?" ಅಂದ. "ಅದೇ ಗುಡ್ಡ, ಅದೇ ಕ್ರೈಟನ್ನು, ಬಡ್ಡೀಮಗ. ಮ್ಯಾಲೆ ನನ್ ಪಿಂಚಣಿ ಏನಾಯ್ತದೋ ಯಾರಿಗ್ ಗೊತ್ತು."

"ಬದಲಾಗ್ದೇ ಇರ್ಬೌದು," ಅಂದ ಅಪ್ಪ. "ಈಗ ಏನಾಗದೆ? ನಾವು ಒಬ್ರಿಗೆ ಓಟ್ ಹಾಕ್ತೀವಿ, ಲಂಡನ್ನಲ್ಲಿ ಇನ್ನೊಬ್ರು ಕೂತ್ಕೋತಾರೆ. ನಮಗ್ ಬ್ಯಾಡದ ಅಣುಬಾಂಬಿನ ಸಬ್‌ಮರೀನು ತಂದು ನಮ್ಮ ನೀರಲ್ಲೇ ಇಡ್ತಾರೆ. ಕ್ಯಾಕರಿಸಿ ಉಗೀಬೇಕು ಅಂದ್ರೆ ಲಂಡನ್‌ಗಂಟ ಹೋಗ್ಬೇಕಾ? ನಮ್ ಸರ್ಕಾರ ಕೆಟ್ಟದಾಗ್ಲಿ, ಕೈಗೆ ಸಿಗಂಗಿರ್ಲಿ."

"ಕೈಗೆ ಸಿಕ್ಕಿರೋ ಕ್ರೈಟನ್‌ಗೆ ಏನ್ ಮಾಡ್ದೆ? ಟೋಪೀಲಿ ಗಾಜು ಒರೆಸ್ದೆ."

ಅಪ್ಪ ಎದ್ದು ಕೊಟ್ಟಿಗೆಗೆ ಹೋಗಿ, ಕುರಿಗಳಿಗೆ ಗುರುತು ಹಾಕುವ ನೀಲಿ ಬಣ್ಣದ ಡಬ್ಬ ತಂದ.

ಶನಿವಾರ ನಮ್ಮ ಸಾಲು ಗುಡ್ಡದ ನೆತ್ತಿಯ ಮೇಲೆ ಎದ್ದಾಗ ಬಾವುಟಗಳ ಮೇಲೆಲ್ಲ ಯೆಸ್ ಅಂತ ಇತ್ತು. ಸಾಲಿನ ತುದಿಯಲ್ಲಿ ವ್ಯಾಟಿಯದೊಂದು ಮಾತ್ರ ನೋ. ಬಣ್ಣ ನಮ್ಮ ಡಬ್ಬದ್ದೇ, ಅಪ್ಪನೇ ಕೊಟ್ಟಿದ್ದ.

ಕೆಳಗೆ ಕಲ್ಲಿನ ಮರೆಗಳ ಹಿಂದೆ ಧಣಿ ಮತ್ತು ಅವನ ನೆಂಟರು ಬಂದೂಕು ಹಿಡಿದು ಕಾಯುತ್ತಿದ್ದರು. ಕ್ರೈಟನ್ ಕೆಸರಿನಲ್ಲಿ ಏದುಸಿರು ಬಿಡುತ್ತ ಓಡಿಬಂದ.

"ಇಳಿಸ್ರೋ ಬಡ್ಡೀಮಕ್ಳಾ. ವ್ಯಾಟೀದು ಇರ್ಲಿ. ಮಿಕ್ಕಿದ್ದೆಲ್ಲ ಇಳಿಸಿ."

ನಾವು ಹೇಳಿದ ಮಾತು ಕೇಳುವ ಜನ. ಇಳಿಸಿದೆವು.

ವ್ಯಾಟಿ ಒಬ್ಬನೇ ಬಾವುಟ ಬಡಿದ. ಅತ್ತಿತ್ತ ನೋಡಿದ. ನಮ್ಮನ್ನು ನೋಡಿದ, ಕ್ರೈಟನ್ನನನ್ನು ನೋಡಿದ. ಆಮೇಲೆ ಬಾವುಟವನ್ನು ಪೊದೆಯ ಮೇಲೆ ಮಲಗಿಸಿ, ನಿಧಾನವಾಗಿ ಪೈಪು ಹಚ್ಚಿದ.

"ನಿಂಗೇನಾಯ್ತ್ಲಾ?"

"ನನ್ ನೋ ನಂದು, ಸಾಮಿ. ನಿಮ್ ಪರವಾಗಿ ಹಿಡ್ಕೊಂಡಿರ್ಲಿಲ್ಲ."

ಹಕ್ಕಿಗಳಿಗೆ ರಾಜಕೀಯ ತಿಳಿಯದು, ಸದ್ದು ತಿಳಿಯುತ್ತದೆ. ಸದ್ದು ನಿಂತದ್ದೇ ತಡ, ಪೊದೆಯಿಂದ ಎದ್ದು ನಮ್ಮ ತಲೆಯ ಮೇಲೆಯೇ ಹಿಂದಕ್ಕೆ ಹಾರತೊಡಗಿದವು. ಕ್ರೈಟನ್ನನ ವಾಕಿಟಾಕಿ ಧಣಿಯ ದನಿಯಲ್ಲಿ ಕಿರುಚಿತು: ಏನಾಗ್ತಿದೆ ಅಲ್ಲಿ, ಬಾವುಟ ಎತ್ತಿಸು.

"ಎತ್ರೋ," ಅಂದ ಕ್ರೈಟನ್.

ಅಪ್ಪ ಕಲ್ಲಿನ ಮೇಲೆ ಕೂತಿದ್ದ. "ಏನ್ ಎತ್ಬೇಕು, ಸಾಮಿ?"

"ಬಾವುಟ."

"ಯಾವ್ದು?"

ಕ್ರೈಟನ್ನನ ಮುಖ ಬೀಟ್‌ರೂಟ್ ಆಗಿತ್ತು. "ಯೆಸ್ಸು. ಯೆಸ್ ಎತ್ರೋ ಅಂದೆ."

ಎತ್ತಿದೆವು. ಅಷ್ಟು ಹೊತ್ತಿಗೆ ಗುಡ್ಡದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಖಾಲಿ ಗುಡ್ಡವನ್ನು ಕೊನೆಯವರೆಗೂ ಸೋವುತ್ತ, ಬಾವುಟ ಬಡಿಯುತ್ತ, ಧಣಿಯ ನೆಂಟರ ಮೂಗಿನ ಮುಂದೆ ಹೋಗಿ ನಿಂತೆವು.

ಗುರುವಾರ ಓಟು ಹಾಕಿದೆವು. ಶುಕ್ರವಾರ ಬೆಳಿಗ್ಗೆ ರೇಡಿಯೋ ನೋ ಗೆದ್ದಿತು ಅಂತ ಹೇಳಿತು. ಅಪ್ಪ ಗಂಜಿಯ ಬಟ್ಟಲನ್ನು ಹಾಗೇ ಸರಿಸಿ, ಮುಖ ಮುಚ್ಚಿಕೊಂಡು ಅತ್ತ. ಅವನು ಅತ್ತದ್ದನ್ನು ನಾನು ಅಮ್ಮ ಸತ್ತಾಗಲೂ ನೋಡಿರಲಿಲ್ಲ. ಮಧ್ಯಾಹ್ನ ವ್ಯಾಟಿ ಅರ್ಧ ಬಾಟಲಿ ವಿಸ್ಕಿ ಹಿಡಿದು ಬಂದ. ಗೆದ್ದೆ ಅನ್ನಲಿಲ್ಲ, ಸುಮ್ಮನೆ ಬಗ್ಗಿಸಿಕೊಟ್ಟ. ಕ್ರೈಟನ್ ಸೋಮವಾರ ಬಂದ. ನವೆಂಬರಿಗೆ ಮನೆ ಖಾಲಿಯಾಗಬೇಕು ಅಂದ.

ಖಾಲಿ ಮಾಡಿದೆವು. ಊರಾಚೆ ಒಂದು ಹಳೇ ಕಾರವಾನ್, ಗಾಲಿಯ ಮೇಲಿನ ಡಬ್ಬದಂಥ ಮನೆ, ಸಿಕ್ಕಿತ್ತು. ಬೀಗದಕೈಗೆ ಕ್ರೈಟನ್ ಬಂದ ದಿನ ಮೊದಲ ಹಿಮ ಉದುರುತ್ತಿತ್ತು. ಅಂದೇ ರಾತ್ರಿ ಲಂಡನ್ನಿನ ಟೂರಿಸ್ಟ್‌ಗಳು ಬರುವವರಿದ್ದರು. ಅವನು ಬಾಗಿಲು ತೆರೆದ. ಗಾಳಿ ಮನೆಯ ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೋಗುತ್ತಿತ್ತು.

"ಗಾಜೆಲ್ಲೋ?"

ಗಾಜುಗಳು ಒಂದೂ ಮುಕ್ಕಾಗದೆ ವ್ಯಾಟಿಯ ಟ್ರಾಕ್ಟರಿನ ಹಿಂದೆ, ಬಾವುಟದ ಚೀಲಗಳಲ್ಲಿ ಸುತ್ತಿಕೊಂಡು ಮಲಗಿದ್ದವು. ಒಂದರ ಮೇಲೆ ಅರ್ಧ ಚೀಟಿ ಇನ್ನೂ ಇತ್ತು.

ಅಪ್ಪ ಈ ಸಲ ಟೋಪಿ ತೆಗೆಯಲಿಲ್ಲ.

"ಧಣಿ ಕಿಟಕಿ ಅಲ್ಲೇ ಅದೆ ನೋಡು, ಕ್ರೈಟನ್," ಅಂದ. "ಗಾಜು ನಂದು."

ವ್ಯಾಟಿ ಟ್ರಾಕ್ಟರ್ ಹೊರಡಿಸಿದ. ಕ್ರೈಟನ್ ಬೀಗದಕೈ ಹಿಡಿದು ಒಳಗೇ ನಿಂತಿದ್ದ. ಹಿಮ ಕಿಟಕಿಯಿಂದ ಬಂದು ಒಲೆಯ ಮೇಲೆ ಬೀಳುತ್ತಿತ್ತು.