ಜಿನವ್ವನ ಆಣೆ

ಚಟ್ಟ ಹೊತ್ತವರು ಬೇಲಿಯ ಗೇಟಿನ ಮುಂದೆ ನಿಂತುಬಿಟ್ಟರು. ಮುಂದಕ್ಕೆ ಹೋಗುವಂತಿಲ್ಲ, ಹೆಗಲಿನಿಂದ ಇಳಿಸಲು ಮನಸ್ಸಿಲ್ಲ. ಗೇಟಿನ ಆಚೆ ಫಾರೆಸ್ಟ್ ಗಾರ್ಡು ರೇಣುಕಯ್ಯ ಸರಪಣಿ ಹಿಡಿದು ನಿಂತಿದ್ದ.

"ಓಬಳಯ್ಯ, ನಿಂಗೆ ಗೊತ್ತಿಲ್ವಾ? ಇನ್ಮೇಲೆ ಬೆಟ್ಟದ ಮೇಲೆ ಗುಂಡಿ ತೋಡಂಗಿಲ್ಲ ಅಂತ ರೇಂಜರು ಹೇಳವ್ರೆ. ಕೆರೆ ಹಿಂದೆ ನಿಮಗೇ ಅಂತ ಜಾಗ ತೋರ್ಸಿಲ್ವಾ?"

ಓಬಳಯ್ಯ ಹೆಂಡತಿ ಚಿಕ್ಕಹನುಮಕ್ಕನ ತಲೆಯ ಕಡೆ ಹೆಗಲು ಕೊಟ್ಟಿದ್ದ. "ತೋರ್ಸವ್ರೆ ಸ್ವಾಮಿ. ಅಲ್ಲಿ ಇವಳಿಗೆ ಗುರುತಿನೋರು ಯಾರವ್ರೆ? ಒಬ್ಬಳೇ ಹೆಂಗಿರ್ತಾಳೆ? ಇವಳು ಮಾತಾಡದೆ ಒಂದು ಗಳಿಗೆ ಇದ್ದೋಳಲ್ಲ."

ಹಿಂದಿದ್ದ ಹೆಂಗಸರಲ್ಲಿ ಯಾರೋ ಅಳುತ್ತಲೇ ನಕ್ಕುಬಿಟ್ಟರು. ಚಿಕ್ಕಹನುಮಕ್ಕ ಅಂಥವಳೇ.

ಪುರವರದ ಆಚೆಯ ಆ ಬೆಟ್ಟದಲ್ಲಿ ಇರುಳಿಗರು ಯಾವ ಕಾಲದಿಂದ ಇದ್ದಾರೆಂದು ಯಾರಿಗೂ ತಿಳಿಯದು. ಜೇನು ಇಳಿಸಿ, ಗೆಣಸು ಅಗೆದು, ಸೀಗೆಕಾಯಿ ಆಯ್ದು ಬದುಕಿದವರು. ಸರ್ಕಾರ ಬೆಟ್ಟದ ಓರೆಗೆ ನೀಲಗಿರಿ ಸಸಿ ನೆಟ್ಟು ಬೇಲಿ ಹಾಕಿದ ಮೇಲೆ ಗುಡಿಸಲುಗಳೆಲ್ಲ ಕೆಳಕ್ಕಿಳಿದವು. ಸತ್ತವರನ್ನು ಇಳಿಸಿಕೊಂಡು ಬರಲು ಆಗಲಿಲ್ಲ. ಚಿಕ್ಕಹನುಮಕ್ಕನ ಅವ್ವ, ಅಪ್ಪ, ಹಾಲು ಕುಡಿಯುವಾಗಲೇ ತೀರಿಹೋದ ಅವಳ ಮೊದಲ ಗಂಡುಕೂಸು, ಎಲ್ಲರೂ ಮೇಲಿನ ಹಿರೀಕರ ಬಯಲಿನಲ್ಲೇ ಉಳಿದರು.

*

ಇರುಳಿಗರಲ್ಲಿ ಜೇನು ಇಳಿಸುವವನ ಹಗ್ಗವನ್ನು ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವಳು ಮುಂಡೆಯಾಗಬಾರದೆಂದು ಅವನು ಕೈ ಬಿಡುವುದಿಲ್ಲ ಎನ್ನುವ ಲೆಕ್ಕ. ಚಿಕ್ಕಹನುಮಕ್ಕನಿಗೆ ಒಡಹುಟ್ಟಿದವರಿರಲಿಲ್ಲ. ಮದುವೆಯಾದ ಮೊದಲ ಬೇಸಗೆಯಲ್ಲಿ, ಹಗ್ಗ ಯಾರು ಹಿಡಿಯುವುದೆಂದು ಹಿರಿಯರು ಮಾತಾಡುತ್ತಿರುವಾಗಲೇ ಅವಳು ಹಗ್ಗದ ತುದಿಯನ್ನು ಆಲದ ಬುಡಕ್ಕೆ ಸುತ್ತಿ ನಿಂತಿದ್ದಳು.

"ನನ್ನ ತಾಳಿ ಕಾಯಕ್ಕೆ ನನಗಿಂತ ಹತ್ತಿರದೋರು ಯಾರವ್ರೆ?"

ಓಬಳಯ್ಯ ಬಂಡೆಯ ಅಂಚಿನಿಂದ ಇಳಿದ. ಕೆಳಗೆ ಕಣ್ಣು ಹಾಯುವಷ್ಟು ಪ್ರಪಾತ, ಮುಖದ ಸುತ್ತ ಹುಳ, ಹೊಗೆ. ಮೇಲಿನಿಂದ ಅವಳ ಮಾತು ಮಾತ್ರ ಬಿಡದೆ ಕೇಳುತ್ತಿತ್ತು. ಯಾರ ಮನೆಯ ನಾಯಿ ಮರಿ ಹಾಕಿತು, ಅತ್ತೆ ಸಾರಿಗೆ ಎಷ್ಟು ಉಪ್ಪು ಸುರಿಯುತ್ತಾಳೆ, ಮುಂದಿನ ಸಂತೆಯಲ್ಲಿ ಯಾವ ಬಣ್ಣದ ಬಳೆ ತೊಡಬೇಕು.

"ಸ್ವಲ್ಪ ಸುಮ್ಕಿರೇ!" ಎಂದು ಅವನು ಕೆಳಗಿನಿಂದ ಕೂಗಿದ.

"ಸುಮ್ಕಾದ್ರೆ ನಾನು ಇದೀನೋ ಹೋದ್ನೋ ಅಂತ ನಿಂಗೆ ಹೆಂಗೆ ಗೊತ್ತಾಗ್ತದೆ?"

ಆಮೇಲೆ ಪ್ರತಿ ಬೇಸಗೆಯೂ ಹಗ್ಗ ಹಿಡಿದವಳು ಅವಳೇ. ಓಬಳಯ್ಯ ಮತ್ತೆ ಯಾವತ್ತೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.

*

ಬಿಸಿಲು ಏರುತ್ತಿತ್ತು. ಕೊನೆಗೆ ಚಟ್ಟವನ್ನು ಹುಣಸೆಮರದ ನೆರಳಿಗೆ ಇಳಿಸಿದರು. ಅಷ್ಟರಲ್ಲಿ ಶಿರಾದ ಮಕ್ಬೂಲ್ ಸಾಬರು ಏದುಸಿರು ಬಿಡುತ್ತ ಬಂದರು. ಇವರ ಜೇನು, ಸೀಗೆಕಾಯಿ ಕೊಳ್ಳುವ ವ್ಯಾಪಾರಿ. ಬಸ್ಸಿನ ಕಂಡಕ್ಟರನಿಂದ ಸುದ್ದಿ ತಿಳಿದು ಮೊದಲ ಬಸ್ಸಿಗೇ ಹೊರಟಿದ್ದರು. ಬಗಲಲ್ಲಿ ಹೊಸ ಬಿಳಿ ಬಟ್ಟೆಯ ಗಂಟು.

"ಯಾ ಅಲ್ಲಾ! ಹೋದ ಸಂತೇಲಿ ನನ್ನ ತಕ್ಕಡಿ ಸರಿಯಿಲ್ಲ ಅಂತ ಜಗಳ ಆಡಿದ್ಲಲ್ಲೋ, ಓಬಳಣ್ಣ!"

"ಜ್ವರ ಬಂತು ಸಾಬಣ್ಣ. ಎಲ್ಡು ದಿನ ಅಷ್ಟೆ."

ಮಕ್ಬೂಲ್ ಸಾಬರು ಬಟ್ಟೆಯನ್ನು ಅವಳ ಮೇಲೆ ಹೊದಿಸಿ ಕಣ್ಣೊರೆಸಿಕೊಂಡರು. ವಿಷಯ ತಿಳಿದ ಮೇಲೆ ಗೇಟಿನ ಹತ್ತಿರ ಹೋದರು.

"ರೇಣುಕಯ್ಯನೋರೆ, ಮೌತ್ ಆದ ಮನೆಯೋರನ್ನ ಹಿಂಗೆ ನಿಲ್ಲಿಸಬಾರದು. ನಮ್ಮಲ್ಲೂ ಮಣ್ಣು, ನಿಮ್ಮಲ್ಲೂ ಮಣ್ಣು. ಅವರವರ ಹಿರಿಯರ ಪಕ್ಕ ಮಲಗೋ ಆಸೆ ಯಾರಿಗಿಲ್ಲ?"

"ನನಗೇನು ಕಲ್ಲೆದೆಯಾ ಸಾಬ್ರೆ? ನೌಕ್ರಿ ಹೋದ್ರೆ ನನ್ನ ಹೆಣ್ಮಕ್ಕಳಿಗೆ ಯಾರು ದಿಕ್ಕು?"

ಸಾಬರು ಗೇಟಿನಿಂದ ಕೈ ತೆಗೆದರು. ಹಿಂದೆ ಬಂದು ಓಬಳಯ್ಯನ ಪಕ್ಕ ಕುಳಿತರು.

"ಜಿನವ್ವನ ಆಣೆ ಹಾಕೋಳು ಇದ್ದಿದ್ರೆ ಗೇಟು ತೆಗೆಸೋಳು" ಎಂದ ಓಬಳಯ್ಯ.

*

ಜಿನವ್ವನ ಸುದ್ದಿ ಹುಟ್ಟಿದ್ದು ಮಕ್ಬೂಲ್ ಸಾಬರಿಂದಲೇ. ಬೇಲಿ ಹಾಕಿದ ವರ್ಷ ಸಂತೆಯಲ್ಲಿ ಅವರು ಪೇಪರು ಓದುತ್ತ, ಜಿನೀವಾ ಎಂಬಲ್ಲಿ ಲೋಕದ ಸರ್ಕಾರಗಳು ಕೂಡಿ ಒಪ್ಪಂದ ಮಾಡಿವೆಯೆಂದೂ, ಕಾಡಿನ ಜನ ಹಿಂದಿನಿಂದ ಬಾಳಿಕೊಂಡು ಬಂದ ನೆಲ ಅವರದೇ ಎಂದು ಒಪ್ಪಬೇಕೆಂದೂ, ನಮ್ಮ ದೇಶವೂ ಅದಕ್ಕೆ ಸಹಿ ಹಾಕಿದೆಯೆಂದೂ ಹೇಳಿದ್ದರು. ಚಿಕ್ಕಹನುಮಕ್ಕ ಸೀಗೆಕಾಯಿ ಸುರಿಯುವುದನ್ನು ನಿಲ್ಲಿಸಿ ಎಲ್ಲವನ್ನೂ ಇನ್ನೊಮ್ಮೆ ಓದಿಸಿದಳು.

ಆ ವರ್ಷದ ಜಮಾಬಂದಿಗೆ, ಊರುಗಳ ಲೆಕ್ಕ ನೋಡಿ ಜನರ ಅಹವಾಲು ಕೇಳಲು, ದೊಡ್ಡ ಸಾಹೇಬರು ಬಂದಾಗ ಅವಳು ಮಧುಗಿರಿಗೆ ನಡೆದು ಹೋದಳು. ಶಾಮಿಯಾನದಲ್ಲಿ ಜನವೋ ಜನ. ಅವಳ ಸರದಿ ಬಂತು.

"ಸ್ವಾಮಿ, ಡೆಲ್ಲಿಯೋರು ಜಿನವ್ವನ ಮುಂದೆ ಆಣೆ ಮಾಡವ್ರಂತಲ್ಲ, ನಮ್ಮ ಬೆಟ್ಟ ನಮ್ದೇ ಅಂತ. ಆಣೆ ತಪ್ಪಿದ್ರೆ ದೇವ್ರು ಒಳ್ಳೇದು ಮಾಡಾಕಿಲ್ಲ. ನಮ್ಮ ಹಿರೀಕರ ಬಯಲನ್ನಾದ್ರೂ ಬುಟ್ಟುಬುಡಿ."

ಶಾಮಿಯಾನವೆಲ್ಲ ನಕ್ಕಿತು. ಸಾಹೇಬರೂ ನಕ್ಕು, "ಅದು ದೇವರಲ್ಲಮ್ಮ. ಜಿನೀವಾ ಒಂದು ಊರು" ಎಂದರು.

ಚಿಕ್ಕಹನುಮಕ್ಕ ಹಿಂದೆ ಸರಿಯಲಿಲ್ಲ. "ಊರಾದ್ರೇನು ಸ್ವಾಮಿ? ಊರ ಮುಂದೆ ಕೊಟ್ಟ ಮಾತು ಮಾತಲ್ವಾ?"

ಸಾಹೇಬರ ನಗು ನಿಂತಿತು. ಅರ್ಜಿ ಬರೆಸಿಕೊಂಡು, ಮೇಲಕ್ಕೆ ಕಳಿಸುತ್ತೇನೆ ಎಂದರು. ಕಳಿಸಿದರೋ ಇಲ್ಲವೋ, ಉತ್ತರ ಬರಲಿಲ್ಲ. ಮರುವರ್ಷ ಬೇರೆ ಸಾಹೇಬರು ಬಂದರು. ಅವರ ಮುಂದೆಯೂ ಅವಳು ಅದನ್ನೇ ಹೇಳಿದಳು. ಊರೆಂದು ತಿಳಿದ ಮೇಲೂ ಜಿನವ್ವ ಎನ್ನುವುದನ್ನು ಬಿಡಲಿಲ್ಲ. ಆಣೆ ಕೇಳಿಸಿಕೊಂಡ ಊರು ದೇವರಿಗಿಂತ ಕಮ್ಮಿಯೇ ಎಂದು ಕೇಳುತ್ತಿದ್ದಳು. ಸತ್ತ ವರ್ಷವೂ ಹೋಗಿ ಬಂದಿದ್ದಳು.

*

ಓಬಳಯ್ಯನ ಮಗಳು ದಾಸಮ್ಮ ಎದ್ದು ಗೇಟಿನ ಬಳಿ ಹೋಗಿ ಮೆಲ್ಲಗೆ ಹೇಳಿದಳು. "ಗಾರ್ಡಪ್ಪ, ಹಳ್ಳದ ಕಡೆ ಬೇಲಿ ಮುರಿದೈತೆ. ನಾವು ಅಲ್ಲಿಂದ ನುಗ್ತೀವಿ. ನೀವು ನಿಮ್ಮ ಗುಡಿಸಲಾಗೆ ಕುಂತ್ಕಳಿ. ಕೇಳಿದ್ರೆ ನೋಡ್ಲಿಲ್ಲ ಅನ್ನಿ."

ರೇಣುಕಯ್ಯ ಸರಪಣಿಯನ್ನೇ ನೋಡುತ್ತ ನಿಂತ. ನೌಕರಿ ಉಳಿಯುವ ದಾರಿ ಅದೊಂದೇ ಆಗಿತ್ತು. ಆದರೆ ಆಗದೆಂದು ತಲೆಯಾಡಿಸಿದ.

"ಬ್ಯಾಡ ಕಣಮ್ಮ. ನಿಮ್ಮವ್ವ ಗೆಣಸಿಗೆ ಹೋಗೋವಾಗ ಮೊದಲು ನನ್ನ ಗುಡಿಸಲ ಮುಂದೆ ಬಂದು ನಿಲ್ಲೋಳು. 'ಗಾರ್ಡಪ್ಪ, ಒಳಕ್ಕೆ ಹೋಗ್ತಾ ಇವ್ನಿ, ಹಿಡಿಯೋದಾದ್ರೆ ಹಿಡ್ಕೊ' ಅನ್ನೋಳು. ಕದ್ದು ಹೋಗ್ಬಾರ್ದಾ, ನನಗ್ಯಾಕೆ ತೊಂದ್ರೆ ಕೊಡ್ತೀಯಾ ಅಂದ್ರೆ, 'ನನ್ನ ತವರು ಮನೆಗೆ ನಾನು ಕದ್ದು ಹೋಗ್ಲಾ?' ಅಂತ ನನ್ನನ್ನೇ ಬಯ್ಯೋಳು." ಅವನು ಗೇಟಿನ ಸರಪಣಿಗೆ ಕೈ ಹಾಕಿದ. "ಬದುಕಿರೋವಾಗ ಒಂದಿನಾನೂ ಕದ್ದು ಹೋದೋಳಲ್ಲ. ಇವತ್ತು ಹೆಂಗೆ ಕಳಿಸ್ಲಿ?"

ಸರಪಣಿ ಕಳಚಿ, ಗೇಟನ್ನು ಪೂರಾ ತೆರೆದ.

"ರೇಂಜರು ಕೇಳಿದ್ರೆ?" ಎಂದರು ಮಕ್ಬೂಲ್ ಸಾಬರು.

"ನಾನೇ ತೆಗೆದೆ ಅಂತೀನಿ."

ಹಿರೀಕರ ಬಯಲಿನ ತುಂಬ ಈ ವರ್ಷವಷ್ಟೇ ನೆಟ್ಟ ನೀಲಗಿರಿ ಸಸಿಗಳು ಮೊಣಕಾಲೆತ್ತರ ಬೆಳೆದಿದ್ದವು. ಓಬಳಯ್ಯ ಅತ್ತಿತ್ತ ನೋಡಿ, ಹೆಂಡತಿಯ ಅವ್ವನನ್ನೂ ಕೂಸನ್ನೂ ಇಟ್ಟ ಜಾಗ ಗುರುತು ಹಿಡಿದು, ನಡುವೆ ಕಾಲಿನಿಂದ ಗೆರೆ ಎಳೆದ. ಅಲ್ಲಿದ್ದ ಸಸಿಗಳನ್ನು ಕೀಳಲು ಯಾರೂ ಕೈ ಹಾಕಲಿಲ್ಲ. ರೇಣುಕಯ್ಯನೇ ಬಗ್ಗಿ ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟ.

ಚಿಕ್ಕಹನುಮಕ್ಕನನ್ನು ಗುಂಡಿಗೆ ಇಳಿಸುವಾಗ ಓಬಳಯ್ಯ ತಲೆಯ ಕಡೆಯ ಹಗ್ಗ ಹಿಡಿದಿದ್ದ. ಇಳಿಸುತ್ತ ಇಳಿಸುತ್ತ ಅವನು ಮಾತಾಡತೊಡಗಿದ. ರಾಗಿ ಖಾಲಿಯಾಗಿದೆ, ದಾಸಮ್ಮನ ಮಗಳಿಗೆ ಹಲ್ಲು ಬಂದಿದೆ, ಸಾಬಣ್ಣ ಶಿರಾದಿಂದ ಬಂದವ್ನೆ ನೋಡು. ಮೆಲುದನಿಯ ಆ ಮಾತು ಹಗ್ಗ ಸಡಿಲವಾಗುವವರೆಗೂ ನಿಲ್ಲಲಿಲ್ಲ. ಸಾಬರು ತಮ್ಮ ಪದ್ಧತಿಯಂತೆ ಮೂರು ಹಿಡಿ ಮಣ್ಣು ಹಾಕಿದರು. ಕೊನೆಗೆ ರೇಣುಕಯ್ಯನೂ ಒಂದು ಹಿಡಿ ಹಾಕಿದ.

ಇರುಳಿಗರಲ್ಲಿ ಮಣ್ಣು ಕೊಟ್ಟವರು ಉಟ್ಟ ಬಟ್ಟೆಯಲ್ಲೇ ಹಳ್ಳದಲ್ಲಿ ಮುಳುಗಬೇಕು, ಬಟ್ಟೆ ಒಣಗುವ ತನಕ ಸತ್ತವರ ಕಡೆಯವರ ಜೊತೆ ಕೂರಬೇಕು. ಎಲ್ಲರೂ ಇಳಿದರು. ರೇಣುಕಯ್ಯ ದಡದಲ್ಲಿ ಬೂಟು ಬಿಚ್ಚಿ, ಖಾಕಿಯ ಸಮೇತ ನೀರಿಗೆ ಹೆಜ್ಜೆ ಇಟ್ಟ.

ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆಯ ಮೇಲೆ ಓಬಳಯ್ಯನ ಪಂಚೆ, ಸಾಬರ ಜುಬ್ಬ, ಸರ್ಕಾರದ ಖಾಕಿ ಅಂಗಿ ಸಾಲಾಗಿ ಹರಡಿಕೊಂಡಿದ್ದವು. ದೂರದ ರಸ್ತೆಯಲ್ಲಿ ರೇಂಜರ ಜೀಪಿನ ಸದ್ದು ಕೇಳಿಸಿತು. ಒದ್ದೆ ಚಡ್ಡಿಯಲ್ಲಿ ಕುಳಿತಿದ್ದ ರೇಣುಕಯ್ಯ ತಲೆಯೆತ್ತಿ ಆಲಿಸಿದ, ಏಳಲಿಲ್ಲ. ದಾಸಮ್ಮ ಖಾಕಿ ಅಂಗಿಯ ಒಂದು ಮಗ್ಗುಲು ಒಣಗಿದೆಯೇ ಎಂದು ಮುಟ್ಟಿ ನೋಡಿ, ತೋಳುಗಳನ್ನು ನೇರ ಮಾಡಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಹಾಕಿದಳು.