ಬಾಯಿತುಂಬ ಮೊಳೆ

ಕುರ್ಚಿ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಆ ಅಂಗಡಿಯಲ್ಲಿ ಯಾರಿಗೂ ತಾವು ಕೇಳಿದ್ದಕ್ಕೆ ಉತ್ತರ ಸಿಗುತ್ತಿರಲಿಲ್ಲ. ತಮಗಿಂತ ಮೊದಲು ಬಂದವರು ಕೇಳಿದ್ದಕ್ಕೆ ಸಿಗುತ್ತಿತ್ತು. ಯಜಮಾನ ಕೆಲಸಕ್ಕೆ ಕೂತನೆಂದರೆ ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುವನು. ಎಡಗೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದರೆ, ಬಲಗೈಯ ಅಯಸ್ಕಾಂತದ ಸುತ್ತಿಗೆ ತುಟಿಯಿಂದಲೇ ಮೊಳೆ ಎತ್ತಿಕೊಂಡು ಮರಕ್ಕೆ ಹೊಡೆಯುವುದು. ಬಾಯಿ ಖಾಲಿಯಾದಾಗ ಒಂದು ಉತ್ತರ. ಮತ್ತೆ ಒಂದು ಹಿಡಿ ಮೊಳೆ. ಮಧ್ಯಾಹ್ನ ಏನು ಅಡುಗೆ ಎಂಬುದನ್ನು ಅವನ ಹೆಂಡತಿ ಮುಂಜಾನೆಯೇ ಕೇಳಿಟ್ಟುಬಿಡುತ್ತಿದ್ದಳು. ವರ್ಷಗಳು ಉರುಳಿ ಅವಳ ಮಾತಿಗೂ ಅದೇ ಚಾಳಿ ಅಂಟಿಕೊಂಡಿತ್ತು.

ಮಗಳಿಗೆ ಇದು ವಿಚಿತ್ರವೆನಿಸಿದ್ದೇ ಇಲ್ಲ. ಪದ್ಯದ ಮೊದಲ ಸಾಲಿನಲ್ಲಿ ಹೊರಟ ಮಾತು ಕೊನೆಯ ಸಾಲಿನಲ್ಲಿ ಮನೆ ಸೇರುವುದಿಲ್ಲವೇ, ಹಾಗೆ. ಆದ್ದರಿಂದಲೇ ತಾನು ಮೆಚ್ಚಿದ ಕನ್ನಡಕದಂಗಡಿಯವನಿಗೆ ಅದನ್ನು ಹೇಳಿಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಅವನದೋ, ಕಣ್ಣ ಮುಂದೆ ಗಾಜು ಬದಲಿಸುತ್ತ "ಇದು ಚೆನ್ನಾಗಿದೆಯಾ, ಅದಾ?" ಎಂದು ಕೇಳಿ ಆ ಗಳಿಗೆಯಲ್ಲೇ ಉತ್ತರ ಪಡೆಯುವ ಕಸುಬು.

"ಅಪ್ಪನನ್ನ ಕೇಳೋಕೆ ಸಂಜೆ ಬಾ" ಎಂದಿದ್ದಳು. ಸಂಜೆಯ ತನಕ ಧೈರ್ಯ ಉಳಿಯಲಿಕ್ಕಿಲ್ಲವೆಂದು ಅವನು ಬೆಳಿಗ್ಗೆಯೇ ಬಂದ.

ಆಗಷ್ಟೇ ಹಿಂದಿನ ಬೀದಿಯ ಅಜ್ಜಿ ಬಂದು, ತನ್ನ ಆರಾಮಕುರ್ಚಿ ಯಾಕೆ ಕಿರುಗುಟ್ಟುತ್ತದೆ ಎಂದು ಯಜಮಾನನನ್ನೂ, ಹಲ್ಲಿನ ಡಾಕ್ಟರ ಮನೆ ಎಲ್ಲಿ ಎಂದು ಅವನ ಹೆಂಡತಿಯನ್ನೂ ಕೇಳಿ ಕೂತಿದ್ದಳು. ಮಗಳು ಅಂಗಡಿಯ ಹಿಂಬದಿಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು.

"ನಿಮ್ಮ ಮಗಳನ್ನ ಮದುವೆ ಆಗಬೇಕು ಅಂತಿದೀನಿ" ಎಂದ ಕನ್ನಡಕದವನು, ನೇರವಾಗಿ. "ನಿಮ್ಮ ಒಪ್ಪಿಗೆ ಕೇಳೋಕೆ ಬಂದೆ."

ಟಕ್, ಟಕ್. ಕೊನೆಯ ಮೊಳೆ ಮರ ಸೇರಿತು. ಯಜಮಾನ ತಲೆಯೆತ್ತಿ ಅವನನ್ನು ಅಕ್ಕರೆಯಿಂದಲೇ ನೋಡಿದ.

"ಒಳಗೆ ಸ್ಪ್ರಿಂಗು ಸಡಿಲ ಆಗಿದೆ. ಮೇಲಿನ ಬಟ್ಟೆ ಎಷ್ಟು ಚೆನ್ನಾಗಿದ್ರೇನು?"

"ಅದೇ ನಾನೂ ಅಂದ್ಕೊಂಡೆ" ಎಂದು ಅಜ್ಜಿ ತಲೆದೂಗಿದಳು.

ಬಾಯಿ ಮತ್ತೆ ಮೊಳೆಗಳಿಂದ ತುಂಬಿತು. ಕನ್ನಡಕದವನು ಕಂಗೆಟ್ಟು ಯಜಮಾನನ ಹೆಂಡತಿಯ ಕಡೆ ತಿರುಗಿದ. "ಅಮ್ಮಾ, ನೀವಾದ್ರೂ ಒಂದು ಮಾತು ಹೇಳಿ."

"ಹೀಗೇ ಹೊರಗೆ ಹೋಗಿ, ಎಡಗಡೆ ಎರಡನೇ ಬಾಗಿಲು" ಎಂದಳು ಅವಳು ಸಮಾಧಾನದಿಂದ.

"ಓ, ಅಷ್ಟು ಹತ್ರಾನಾ?" ಎಂದಳು ಅಜ್ಜಿ.

"ಅರ್ಥ ಆಯ್ತು ಬಿಡಿ" ಎಂದು ಅವನು ಮೆಟ್ಟಿಲಿಳಿದು ಹೊರಟೇಹೋದ.

ಯಂತ್ರದ ಮೇಲೆ ಮಗಳ ಕಾಲು ನಿಂತಿತು. ಈಗಲೇ ಓಡಿದರೆ ಹೇಳುವುದೇನು? ಉತ್ತರ ಇನ್ನೂ ಮೊಳೆಗಳ ಹಿಂದೆ ಇತ್ತು. ಹೌದೋ ಅಲ್ಲವೋ, ಸುತ್ತಿಗೆಗೆ ಅವಸರವಿಲ್ಲ. ದೇವರ ಮುಂದೆಯೂ ಅವಳು ಹೀಗೆಯೇ ಕೂತು ಕಾದಿದ್ದಳು. ಕೇಳಿದ ದಿನವೇ ಕೊಡುವವನಲ್ಲ ಅವನೂ. ಆದರೆ ದೇವರು ಬಾಗಿಲು ದಾಟಿ ಹೋಗುವುದಿಲ್ಲ, ಈ ಮಹಾರಾಯ ಹೋಗಿಬಿಟ್ಟನಲ್ಲ.

"ಕುರ್ಚಿ ಯಾವಾಗ ಕೊಡ್ತೀಯಪ್ಪ?" ಎಂದಳು ಅಜ್ಜಿ.

ಬಾಯಿ ಖಾಲಿಯಾಯಿತು. ಅಪ್ಪ ಅಜ್ಜಿಯನ್ನೇ ನೋಡುತ್ತ ಹೇಳಿದ: "ಸುತ್ತಿ ಬಳಸದೆ ಕೇಳಿದ. ಒಳ್ಳೆಯವನು. ಇವಳಿಗೆ ಇಷ್ಟ ಅಂದ್ರೆ ನಂಗೂ ಇಷ್ಟ."

ಬಟ್ಟೆಗೆ ಅಂಟಿದ ದಾರದ ತುಂಡುಗಳನ್ನೂ ಕೊಡವಿಕೊಳ್ಳದೆ ಅವಳು ಓಡಿದಳು.

ಕನ್ನಡಕದಂಗಡಿಯಲ್ಲಿ ಒಬ್ಬ ದಪ್ಪ ಮನುಷ್ಯ ಪರೀಕ್ಷೆಯ ಚೌಕಟ್ಟನ್ನು ಮೂಗಿಗೇರಿಸಿ ಕೂತಿದ್ದ.

"ಅಪ್ಪ ಒಪ್ಪಿದ್ರು" ಎಂದಳು ಏದುಸಿರಿನಲ್ಲಿ.

"ಸ್ಪ್ರಿಂಗು ಸಡಿಲ ಅಂದ್ರಲ್ಲ."

"ಅದು ಅಜ್ಜಿ ಕುರ್ಚಿಗೆ."

"ನಿಮ್ಮಮ್ಮ ಬಾಗಿಲು ತೋರಿಸಿದ್ರು."

"ಅದು ಹಲ್ಲಿನ ಡಾಕ್ಟ್ರುದು."

ಅವನು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ. "ನಿಮ್ಮನೇಲಿ ಕೇಳಿದ್ದಕ್ಕೆ ಯಾರೂ ಹೇಳಲ್ವಾ?"

"ಹೇಳ್ತೀವಿ. ನೀನು ನಿಲ್ಲಲಿಲ್ಲ."



"ಹಿಂದಿನದೇ ವಾಸಿ ಕಣಯ್ಯ, ಇದರಲ್ಲಿ ನೀವಿಬ್ಬರೂ ನಾಲ್ಕಾಗಿ ಕಾಣ್ತೀರಿ" ಎಂದ ದಪ್ಪ ಮನುಷ್ಯ.

ಕನ್ನಡಕದಂಗಡಿಯವನಿಗೆ ಮೊದಲು ನಗು ಬಂತು, ಆಮೇಲೆ ಅವಳಿಗೂ.

ಗಿರಾಕಿಯನ್ನು ಕಳಿಸಿ ಇಬ್ಬರೂ ಮರಳುವಾಗ ಯಜಮಾನನ ಬಾಯಿ ಮತ್ತೆ ತುಂಬಿತ್ತು. ಕನ್ನಡಕದವನು ಈ ಸಲ ತುಟಿ ಪಿಟಕ್ಕೆನ್ನಲಿಲ್ಲ. ಸೋಫಾದ ಆಚೆ ತುದಿಯಲ್ಲಿ ಬಟ್ಟೆ ಜಾರುತ್ತಿರುವುದನ್ನು ಕಂಡು, ಮಂಡಿಯೂರಿ, ಎರಡೂ ಕೈಯಿಂದ ಎಳೆದು ಹಿಡಿದ. ಸುತ್ತಿಗೆ ಸಾಲು ಹಿಡಿದು ಅವನ ಬೆರಳುಗಳ ತನಕ ಬಂದು ನಿಂತಿತು.

"ಗುರುವಾರ" ಎಂದ ಯಜಮಾನ. ಅಜ್ಜಿ ಎದ್ದು ಹೊರಟಳು.

ಅಂಗೈಯಲ್ಲಿ ಮೊಳೆಗಳಿದ್ದವು. ಆದರೆ ಅಪ್ಪ ಅವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮಗಳು ತಲೆಯೆತ್ತಿ ನೋಡಿದಳು.

"ಏನಾದ್ರೂ ಕೇಳೋದು ಉಳಿದಿದೆಯೇನಪ್ಪ?"

"ಏನೂ ಇಲ್ಲ" ಎಂದ ಕನ್ನಡಕದವನು.

"ಹಾಗಾದ್ರೆ ಇನ್ನೊಂಚೂರು ಬಿಗಿಯಾಗಿ ಎಳಿ."